ಬಾತಿಯ ಕಣದಲ್ಲಿ ಬ್ಯಾಸ್ಕೆಟ್‌ಬಾಲ್

“ಶೂ ಬಿಚ್ರಿ. ಸಾಕ್ಸೂ ಬಿಚ್ರಿ. ಪ್ಯಾಂಟು ಮೊಣಕಾಲ್ ತನಕ ಮಡಚ್ಕಳ್ರಿ.”

ದಾವಣಗೆರೆಯ ತಂಡಕ್ಕೆ ಆಡಲು ಬಂದ ದಿನ ತಂಡದ ಮಾಲೀಕರು ನನಗೆ ಹೇಳಿದ ಮೊದಲ ಮಾತು ಇದು. ಬೆಳಗಿನ ಬಸ್ಸಿಗೆ ಮಲ್ಪೆಯ ಕಡಲು ಬಿಟ್ಟು, ಘಾಟಿ ಹತ್ತಿ, ಶಿವಮೊಗ್ಗ ದಾಟಿ, ಮಧ್ಯಾಹ್ನದ ಉರಿಬಿಸಿಲಿನಲ್ಲಿ ನಾನು ಬಾತಿಯಲ್ಲಿ ಇಳಿದಿದ್ದೆ. ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಊರು ಅದು. “ನಮ್ ಗ್ರೌಂಡು ಅಕ್ಕಿ ಮಿಲ್ಲಿನ ಹಿಂದ್ಗಡೆ ಐತೆ, ಸೀದಾ ಅಲ್ಲಿಗೇ ಬಂದ್ಬಿಡ್ರಿ” ಎಂದು ಫೋನಿನಲ್ಲಿ ಹೇಳಿದ್ದರು. ಮಿಲ್ಲಿನ ಹಿಂದೆ ಹೋಗಿ ನೋಡಿದರೆ ಬ್ಯಾಸ್ಕೆಟ್‌ಬಾಲಿನ ಎರಡು ಕಂಬಗಳೇನೋ ಇದ್ದವು. ಅವುಗಳ ನಡುವೆ ಅಂಕಣ ಕಾಣಲಿಲ್ಲ. ಇದ್ದದ್ದು ಭತ್ತ. ಬೇಯಿಸಿ ಹರಡಿದ, ಇನ್ನೂ ಹಬೆಯಾಡುತ್ತಿದ್ದ ಭತ್ತ. ಅದರೊಳಗೆ ಐದಾರು ಜನ ಗಟ್ಟಿಮುಟ್ಟಾದ ಗಂಡಸರು ಜರ್ಸಿ ತೊಟ್ಟು, ಬರಿಗಾಲಿನಲ್ಲಿ, ಸಾಲು ಹಿಡಿದು ಕಾಲೆಳೆಯುತ್ತ ನಡೆಯುತ್ತಿದ್ದರು. ಅವರ ಹಿಂದೆ ನೇಗಿಲ ಸಾಲಿನಂತೆ ಗೆರೆ ಮೂಡುತ್ತಿತ್ತು.

ಮಾಲೀಕರ ಹೆಸರು ಮಹೇಶಪ್ಪ. ಹಣೆಯಲ್ಲಿ ವಿಭೂತಿ, ಮೈಮೇಲೆ ಬಿಳಿ ಅಂಗಿ, ಕೊರಳಲ್ಲಿ ಸೀಟಿ. ನನ್ನ ಮುಖ ನೋಡಿ ಅವರಿಗೇ ಕನಿಕರ ಬಂತೆಂದು ಕಾಣುತ್ತದೆ. “ಬಿಸ್ಲಿಗೆ ಹಾಕಿದ್ ಭತ್ತನ ಆಗಾಗ ಕಾಲಾಡಿಸ್ಬೇಕಪ. ಇಲ್ಲಾಂದ್ರೆ ಮ್ಯಾಲೆ ಒಣಗ್ತೈತೆ, ಕೆಳಗೆ ಹಸಿ ಉಳೀತೈತೆ. ನಿಮ್ ಕಾಲಿಗೂ ಒಳ್ಳೇದು. ಇಳೀರಿ, ಇಳೀರಿ” ಎಂದರು.

ಚೆನ್ನೈನಲ್ಲಿ ಕಾರ್ಖಾನೆಯೊಂದರ ತಂಡಕ್ಕೆ ಆಡಿದವನು ನಾನು. ಪುಣೆಯಲ್ಲಿ ಮರದ ನೆಲದ ಅಂಕಣದಲ್ಲಿ, ದೀಪಗಳ ಕೆಳಗೆ ಆಡಿದವನು. ಹೈದರಾಬಾದಿನಲ್ಲಿ ನನ್ನ ಹೆಸರು ಬರೆದ ಜರ್ಸಿಯನ್ನು ಹುಡುಗರು ಕೇಳಿ ಇಸಿದುಕೊಂಡು ಹೋಗಿದ್ದರು. ಅಂಥವನು ಶೂ ಕೈಯಲ್ಲಿ ಹಿಡಿದು ಬಿಸಿ ಭತ್ತದೊಳಗೆ ಕಾಲಿಟ್ಟೆ. ಅಂಗಾಲು ಚುರ್ರೆಂದಿತು. ಮನಸ್ಸಿನಲ್ಲೇ ಉಡುಪಿಗೆ ವಾಪಸ್ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಲೆಕ್ಕ ಹಾಕುತ್ತ ಆ ಕೊನೆಯಿಂದ ಈ ಕೊನೆಗೆ ನಡೆದೆ.

ಇದನ್ನು ಓದುವ ನಮ್ಮ ಮಲ್ಪೆಯವರಲ್ಲಿ ಕೆಲವರಿಗೆ ನನ್ನ ಮುಖ ನೆನಪಿರಬಹುದು. ಬಂದರಿನ ಹಿಂದಿನ ಶಾಲೆಯ ಮೈದಾನದಲ್ಲಿ, ಮೀನಿನ ಬಲೆಯನ್ನೇ ರಿಂಗಿಗೆ ಕಟ್ಟಿ ಆಡುತ್ತಿದ್ದ ಉದ್ದ ಹುಡುಗ. ಸುಕೇಶ ಎಂದು ಹೆಸರು. ಅಲ್ಲಿ ಆಟ ಕಲಿಸುತ್ತಿದ್ದ ವಿಠಲ ಮಾಸ್ಟ್ರ ಕೈಯಲ್ಲಿ ಪಳಗಿದವನು. ದೇಶಕ್ಕೆ ಆಡುವಷ್ಟು ದೊಡ್ಡ ಆಟಗಾರ ನಾನು ಆಗಲಿಲ್ಲ; ಆಟ ಬಿಟ್ಟು ಬೇರೆ ಕೆಲಸ ಹಿಡಿಯುವಷ್ಟು ಸಣ್ಣವನೂ ಅಲ್ಲ ಎಂಬ ಭ್ರಮೆ ಮಾತ್ರ ಇತ್ತು. ಹಾಗಾಗಿ ಒಂದು ತಂಡದಿಂದ ಇನ್ನೊಂದು ತಂಡಕ್ಕೆ, ಒಂದು ಋತುವಿನಿಂದ ಇನ್ನೊಂದಕ್ಕೆ ಅಲೆದೆ. ಪ್ರತಿ ಸಲ ಋತು ಮುಗಿದಾಗ ಫೋನನ್ನೇ ನೋಡುತ್ತ ಕೂರುವುದು, ಯಾರಾದರೂ ಕರೆಯುತ್ತಾರೋ ಎಂದು. ಆ ವರ್ಷ ಕರೆದವರು ಮಹೇಶಪ್ಪನವರೊಬ್ಬರೇ.

ನಮ್ಮ ಲೀಗು ಟಿವಿಯಲ್ಲಿ ಬರುವುದಿಲ್ಲ. ನಾಲ್ಕಾರು ಊರುಗಳ ವ್ಯಾಪಾರಸ್ಥರು, ಹಳೆಯ ಆಟಗಾರರು ಸೇರಿ ಬೇಸಿಗೆಯ ತಿಂಗಳುಗಳಲ್ಲಿ ನಡೆಸುವಂಥದ್ದು. ಆದರೆ ಸಂಬಳ ಕೊಡುತ್ತಾರೆ, ರೆಫರಿ ಇರುತ್ತಾರೆ, ಸೋತರೆ ಜನ ಬೈಯುತ್ತಾರೆ. ವೃತ್ತಿಪರ ಆಟ ಎನ್ನಿಸಿಕೊಳ್ಳಲು ಇಷ್ಟು ಸಾಕು. ಉಳಿದ ತಿಂಗಳುಗಳಲ್ಲಿ ನಾನು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಶಾಲೆಯೊಂದರಲ್ಲಿ ಮಕ್ಕಳಿಗೆ ಆಟ ಕಲಿಸುತ್ತೇನೆ. ಅವರು ನನ್ನನ್ನು ‘ಉದ್ದನ್ ಸರ್’ ಎನ್ನುತ್ತಾರೆ, ಎದುರಿಗೇ.

ಆ ಅಂಗಳವನ್ನು ಇಲ್ಲಿ ಕಣ ಎನ್ನುತ್ತಾರೆ. ಮಹೇಶಪ್ಪನವರ ಮಿಲ್ಲಿನಲ್ಲಿ ಭತ್ತ ಒಣಗಿಸುವ ಯಂತ್ರವೂ ಇದೆ. “ಬಿಸ್ಲಾಗೆ ಒಣಗಿದ್ ಅಕ್ಕಿ ರುಚಿನೇ ಬ್ಯಾರೆ” ಎಂದು ಅರ್ಧ ಭತ್ತವನ್ನು ಇನ್ನೂ ಕಣಕ್ಕೇ ಹಾಕಿಸುತ್ತಾರೆ. ಯೌವನದಲ್ಲಿ ಅವರೂ ಜಿಲ್ಲೆಗೆ ಆಡಿದವರಂತೆ. ಅಷ್ಟು ಅಗಲದ ಸಿಮೆಂಟಿನ ನೆಲ ಸಂಜೆಯೆಲ್ಲ ಖಾಲಿ ಬಿದ್ದಿರುವುದನ್ನು ನೋಡಲಾಗದೆ ಕಂಬ ನೆಡಿಸಿದರು. ಕಣದಲ್ಲಿ ಕಾನೂನು ಒಂದೇ: ಆಟ ಯಾವಾಗಲೂ ಭತ್ತದ ನಂತರ. ಮೋಡ ಕವಿದರೆ ಅಲ್ಲಿ ಯಾರಿದ್ದರೂ ಓಡಬೇಕು. ಹಮಾಲಿ, ಡ್ರೈವರು, ರೈತ, ಸಾಹುಕಾರರ ಅಳಿಯ, ತಂಡದ ಸೆಂಟರ್, ಯಾರೇ ಇರಲಿ. ಬೆಂದ ಭತ್ತ ಮತ್ತೆ ನೆನೆದರೆ ಹುಳಿ ವಾಸನೆ ಬಂದು ಕೋಳಿಗೂ ಬೇಡವಾಗುತ್ತದೆ. ಮೊದಲ ವರ್ಷ ನಾನು ಮಳೆ ಬಂದಾಗಲೆಲ್ಲ ಶೂ ನೆನೆಯದಂತೆ ಷೆಡ್ಡಿನೊಳಗೆ ಓಡುತ್ತಿದ್ದೆ. ನಮಗೆ ಕಡಲ ಕಡೆಯವರಿಗೆ ಮಳೆ ಎಂದರೆ ಒಳಗೆ ಹೋಗುವ ಹೊತ್ತು. ಇವರಿಗೆ ಹೊರಗೆ ಬರುವ ಹೊತ್ತು. ನಾನು ಷೆಡ್ಡಿನಿಂದ ಇಣುಕುತ್ತಿದ್ದರೆ ತಂಡದ ಇಮ್ರಾನ್ ತಾಡಪಾಲು ಎಳೆಯುತ್ತಲೇ ಕೂಗುತ್ತಿದ್ದ: “ನೆಂಟ್ರು ಆರಾಮ್ ಅದಾರೆ ನೋಡ್ರಪ್ಪೋ!”

ಇಮ್ರಾನ್ ಹರಿಹರದವನು. ಗ್ಯಾರೇಜಿನಲ್ಲಿ ಕೆಲಸ, ಅಂಕಣದಲ್ಲಿ ನಮ್ಮ ಪಾಯಿಂಟ್ ಗಾರ್ಡ್. ಅಂದರೆ ಚೆಂಡು ತಂದು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವವನು. ನನಗೆ ಈ ಊರನ್ನು ಕಲಿಸಿದವನೂ ಅವನೇ. ಮೊದಲು ಮಾತು ಕಲಿಯಬೇಕಿತ್ತು. ನನ್ನ ಮನೆಮಾತು ತುಳು, ಕನ್ನಡ ಶಾಲೆಯದ್ದು. ಅಂಗಡಿಗೆ ಹೋಗಿ “ಬಾಳೆಹಣ್ಣು ಉಂಟಾ? ಎಷ್ಟು ಕೊಡಬೇಕು?” ಎಂದು ಕೇಳಿದರೆ ಅಂಗಡಿಯವನು ಪಕ್ಕದವನನ್ನು ಕರೆದು ಇನ್ನೊಮ್ಮೆ ಹೇಳಿಸುತ್ತಿದ್ದ. “ಯಾಕ್ರೀ ಪುಸ್ತಕ ಓದಿದಂಗೆ ಮಾತಾಡ್ತೀರಿ?” ಎಂದು ಇಮ್ರಾನ್ ನಗುತ್ತಿದ್ದ. ನಮ್ಮಲ್ಲಿ ಬಹುವಚನ ಎಂದರೆ ಸ್ವಲ್ಪ ದೂರ ನಿಲ್ಲಿಸುವುದು. ಇಲ್ಲಿ ಬರ್ರಿ, ಕೂಡ್ರಿ, ತಿನ್ರಿ ಎಂದು ಮರ್ಯಾದೆ ಕೊಡುತ್ತಲೇ ಹೆಗಲ ಮೇಲೆ ಕೈ ಹಾಕುತ್ತಾರೆ. ಬೈಯುವಾಗಲೂ ‘ರಿ’ ಬಿಡುವುದಿಲ್ಲ. ಸುಲಭದ ಬುಟ್ಟಿಯೊಂದು ತಪ್ಪಿದಾಗ ಗ್ಯಾಲರಿಯಿಂದ ಒಬ್ಬ ಅಜ್ಜ “ಮನೀಗ್ ಹೋಗ್ರಿ, ಎಮ್ಮಿ ಕಾಯ್ರಿ!” ಎಂದು ಕೂಗಿದ್ದು ನನಗೆ ಇನ್ನೂ ಪ್ರೀತಿಯ ನೆನಪು. ಗ್ಯಾಲರಿ ಎಂದೆ, ಅದು ಅಕ್ಕಿ ಮೂಟೆಗಳ ಅಟ್ಟಿ.

ಮನೆ ಸಿಕ್ಕಿದ್ದು ಎಂ.ಸಿ.ಸಿ. ‘ಬಿ’ ಬ್ಲಾಕಿನಲ್ಲಿ, ಮಹಡಿಯ ಮೇಲಿನ ಒಂದು ಕೋಣೆ. ಮನೆಯೊಡತಿ ಶಾಂತಮ್ಮ ನಿವೃತ್ತ ಶಿಕ್ಷಕಿ, ಕೆಳಗೆ ಮಗಳು ಅಳಿಯನ ಜೊತೆ ಇದ್ದಾರೆ. ಕೋಣೆ ತೋರಿಸುವ ಮೊದಲು ನನ್ನನ್ನು ಮೇಲಿಂದ ಕೆಳಗೆ ನೋಡಿ, “ತಿಂತೀರೇನು?” ಎಂದು ಕೇಳಿದರು.

“ಹೌದಮ್ಮ, ಚೆನ್ನಾಗಿ ತಿನ್ನುತ್ತೇನೆ” ಎಂದೆ, ಆಟಗಾರನ ಹೊಟ್ಟೆಯ ಬಗ್ಗೆ ಕೇಳುತ್ತಿದ್ದಾರೆಂದು ತಿಳಿದು.

ಅವರು ನಕ್ಕುಬಿಟ್ಟರು. ಇಲ್ಲಿ ಹಾಗೆ ಕೇಳಿದರೆ ಮೀನು ಮಾಂಸದ ವಿಷಯ ಎಂದು ಆಮೇಲೆ ತಿಳಿಯಿತು. ಬಾಡಿಗೆ ಕೇಳಿ ಬಂದು “ಇಲ್ಲ, ಇಲ್ಲ” ಎಂದು ಸುಳ್ಳು ಹೇಳಿದವರನ್ನು ನೋಡಿ ಸಾಕಾಗಿದ್ದ ಆ ಶಿವಭಕ್ತೆಗೆ ನನ್ನ ಪೆದ್ದುತನವೇ ಹಿಡಿಸಿತು. “ತಿನ್ನೋದು ನಿಮ್ಮಿಷ್ಟ. ನನ್ನ್ ಮನ್ಯಾಗ್ ಬ್ಯಾಡ. ಹರಿಹರಕ್ಕೆ ಹೋಗಿ ತಿಂದ್, ಬಾಯ್ ತೊಳ್ಕಂಡ್ ಬರ್ರಿ” ಎಂದು ಕೀಲಿ ಕೊಟ್ಟರು. ಬಾಗಿಲಿನ ಚೌಕಟ್ಟು ನನ್ನ ಹಣೆಯ ಮಟ್ಟಕ್ಕಿತ್ತು. ಮೊದಲ ವಾರ ದಿನಕ್ಕೊಂದು ಬುಗುಟು. ನಂತರ ಅವರೇ ಅಲ್ಲಿಗೊಂದು ಹಳೆಯ ದಿಂಬು ಕಟ್ಟಿಸಿದರು. ಅದನ್ನು ನೋಡಿ ಮನೆಗೆ ಬಂದವರೆಲ್ಲ ಏನು ಹರಕೆ ಎಂದು ಕೇಳುತ್ತಿದ್ದರು.

ಊಟದ ಬಗ್ಗೆ ನಮ್ಮವರು ಮೊದಲು ಕೇಳುತ್ತೀರಿ, ಗೊತ್ತು. ಬೆಣ್ಣೆ ದೋಸೆ ನೀವು ಕೇಳಿದಷ್ಟೇ ಚೆನ್ನಾಗಿದೆ. ಆದರೆ ಈ ಊರು ದಿನವೂ ತಿನ್ನುವುದು ಮಂಡಕ್ಕಿ. ಒಗ್ಗರಣೆ ಹಾಕಿದ್ದು, ಖಾರ ಹಚ್ಚಿದ್ದು, ಪಕ್ಕದಲ್ಲಿ ಬೆರಳುದ್ದದ ಮಿರ್ಚಿ. ಗೆದ್ದರೂ ಮಂಡಕ್ಕಿ, ಸೋತರೂ ಮಂಡಕ್ಕಿ. ಮನೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿ. ನಾನೋ ಗಂಜಿಗೆ ಒಣಮೀನು ಸುಟ್ಟು ಬೆಳೆದವನು. ರೊಟ್ಟಿ ಹೊಟ್ಟೆ ತುಂಬಿಸುತ್ತಿತ್ತು, ಆದರೆ ಉಂಡೆ ಎನ್ನಿಸುತ್ತಿರಲಿಲ್ಲ. ಒಂದು ಭಾನುವಾರ ಇಮ್ರಾನ್ ನನ್ನನ್ನು ಹರಿಹರಕ್ಕೆ ಕರೆದುಕೊಂಡು ಹೋಗಿ ಅವನ ಅಮ್ಮ ಮಾಡಿದ ಹೊಳೆಮೀನಿನ ಸಾರು ಬಡಿಸಿದ. ಮುಳ್ಳೇ ಹೆಚ್ಚು, ಮಣ್ಣಿನ ವಾಸನೆ ಬೇರೆ. ಮಲ್ಪೆಯಲ್ಲಿ ಯಾರಾದರೂ ಇದನ್ನು ಮೀನೆಂದರೆ ಜಗಳವಾಗುತ್ತಿತ್ತು. ನಾನು ಮೂರು ಸಲ ಬಡಿಸಿಕೊಂಡೆ. ಕಣ್ಣಲ್ಲಿ ನೀರು ಬಂತು. “ಖಾರ ಜಾಸ್ತಿ ಆತೇನು?” ಎಂದು ಅವನಮ್ಮ ಕೇಳಿದರು. ಹೌದೆಂದೆ.

ಊಟವಾದ ಮೇಲೆ ಹರಿಹರದ ದೇವಸ್ಥಾನದ ಹಿಂದೆ ಹೊಳೆದಂಡೆಗೆ ಹೋಗಿ ಕೂರುವುದು ಅಭ್ಯಾಸವಾಯಿತು. ಕಡಲಿಲ್ಲದೆ ನನಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ಹುಟ್ಟಿದಾಗಿನಿಂದ ಕಿವಿಯಲ್ಲಿದ್ದ ಆ ಗದ್ದಲ ನಿಂತುಹೋದರೆ ಏನೋ ಅವಘಡವಾಗಿದೆ ಎನ್ನಿಸುತ್ತದೆ. ಬೇಸಿಗೆಯ ತುಂಗಭದ್ರೆ ಬಂಡೆಗಳ ನಡುವೆ ಸಪ್ಪಳವಿಲ್ಲದೆ ಹೋಗುತ್ತಿತ್ತು. ಕಡಲಿನ ನೀರು ಹೋದರೂ ಮರಳಿ ದಡಕ್ಕೇ ಬರುತ್ತದೆ. ಹೊಳೆಯ ನೀರು ಒಂದೇ ಕಡೆಗೆ ಹೋಗುತ್ತಲೇ ಇರುತ್ತದೆ, ಅದನ್ನು ನೋಡಿದರೆ ನನಗೆ ಚಡಪಡಿಕೆ. ಎದ್ದು ಅತ್ತಿತ್ತ ನಡೆಯುತ್ತಿದ್ದೆ. “ಕೂಡ್ರಿ ಅಣ್ಣ, ಭತ್ತ ಇಲ್ಲಿಲ್ಲ, ಯಾಕ ಕಾಲಾಡಿಸ್ತೀರಿ?” ಎನ್ನುತ್ತಿದ್ದ ಇಮ್ರಾನ್.

ಅಮ್ಮ ಫೋನು ಮಾಡಿದಾಗ ಕೇಳುವುದು ಒಂದೇ: “ವನಸ್ ಆಂಡಾ?” ಊಟ ಆಯಿತಾ ಎಂದು. ಅವಳು ಅಕ್ಕನ ಮನೆಯಲ್ಲಿ, ಮೊಮ್ಮಕ್ಕಳ ನಡುವೆ ಸುಖವಾಗಿಯೇ ಇದ್ದಾಳೆ. ಒಮ್ಮೆ ಹೇಳಿದೆ, ಅಮ್ಮಾ, ನಾವು ಅಂಗಡಿಯಿಂದ ತರುವ ಕುಚ್ಚಲಕ್ಕಿಯಲ್ಲಿ ನಾನು ತುಳಿದ ಭತ್ತವೂ ಇರಬಹುದು, ಇಲ್ಲಿಂದಲೂ ಲಾರಿ ಬರುತ್ತದೆ ಎಂದು. ಅವಳು “ಕಾಲು ತೊಳೆದು ಇಳಿಯುತ್ತೀಯಲ್ಲ?” ಎಂದು ಕೇಳಿದಳು.

ಹೀಗೆ ಒಂದು ಋತು ಎಂದು ಬಂದದ್ದು ಎರಡಾಯಿತು, ಮೂರಾಯಿತು, ನಾನು ಉಳಿದೆ. ಬೇರೆ ಯಾರೂ ಕರೆಯಲಿಲ್ಲ ಎಂಬುದೂ ನಿಜ. ಮೂವತ್ತು ದಾಟಿದ ಮೊಣಕಾಲು ಮೆಟ್ಟಿಲು ಕಂಡರೆ ಗೊಣಗುತ್ತದೆ. ಈ ತಂಡ ಬಿಟ್ಟರೆ ನನ್ನ ಆಟ ಮುಗಿಯಿತೆಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಈ ಬೇಸಿಗೆ ಅದೇ ಮಾತು ಎದುರಿಗೆ ಬಂದು ನಿಂತಿತು.

ಲೀಗಿನ ನಿಯಮ ಹೀಗೆ: ಅಂಕಣದಲ್ಲಿರುವ ಐವರಲ್ಲಿ ಇಬ್ಬರು ಮಾತ್ರ ಹೊರಗಿನವರು, ಉಳಿದ ಮೂವರು ಊರು, ಆಸುಪಾಸಿನವರು. ನಾನು ಇಷ್ಟು ವರ್ಷ ಹೊರಗಿನವನಾಗಿ ಆಡಿದ್ದೆ. ಈ ಸಲ ಮಹೇಶಪ್ಪನವರಿಗೆ ಪಂಜಾಬಿನ ಒಬ್ಬ ಹುಡುಗ, ಕೇರಳದ ಒಬ್ಬ ಹುಡುಗ ಸಿಕ್ಕಿದ್ದರು. ನನಗಿಂತ ಎತ್ತರ, ನನಗಿಂತ ಹತ್ತು ವರ್ಷ ಚಿಕ್ಕವರು. ನನ್ನನ್ನು ಮಿಲ್ಲಿನ ಆಫೀಸಿಗೆ ಕರೆದು ಚಹಾ ತರಿಸಿದಾಗಲೇ ನನ್ನ ಕತೆ ಮುಗಿಯಿತು ಎಂದುಕೊಂಡೆ. ಚಹಾ ಕೊಟ್ಟು ತೆಗೆದುಹಾಕುವುದು ನನಗೆ ಹೊಸದಲ್ಲ.

“ಹೆದರ್ಬ್ಯಾಡಪ” ಎಂದರು ಮಹೇಶಪ್ಪ. “ಮೂರ್ ವರ್ಷ ಇಲ್ಲೇ ಮನೆ ಮಾಡ್ಕಂಡಿದ್ರೆ ಊರಿನೋನು ಅಂತ ಆಡ್ಬಹುದು. ರೂಲ್ಸ್‌ನಾಗೇ ಐತೆ. ನೀನು ಇನ್ಮ್ಯಾಲೆ ನಮ್ಮೂರೋನು. ಆದ್ರೆ ಒಂದು. ಯಾವ್ದಾದ್ರೂ ಟೀಮಿನೋರು ತಕರಾರು ತೆಗೆದ್ರೆ ಕೂತು ಪಂಚಾಯ್ತಿ ಮಾಡ್ಬೇಕಾಗ್ತೈತೆ. ಅದ್ರಾಗೆ ಸೋತ್ರೆ ನಾನೂ ಏನ್ ಮಾಡಕ್ಕಾಗಲ್ಲ.”

ಋತುವಿಡೀ ಯಾರೂ ತಕರಾರು ತೆಗೆಯಲಿಲ್ಲ. ಫೈನಲಿಗೆ ನಾವು ಬಂದೆವು. ಎದುರಾಳಿ ಈ ವರ್ಷವಷ್ಟೇ ಲೀಗಿಗೆ ಸೇರಿದ ಕರಾವಳಿಯ ತಂಡ, ನಮ್ಮ ಮಲ್ಪೆಯದ್ದೇ. ಅದರ ಮ್ಯಾನೇಜರು ವಿಠಲ ಮಾಸ್ಟ್ರು. ಫೈನಲಿನ ದಿನ ಅವರ ಬಸ್ಸು ಮಿಲ್ಲಿನ ಮುಂದೆ ನಿಂತಾಗ ನಾನು ಓಡಿ ಹೋಗಿ ಅವರ ಕೈಯಿಂದ ಚೀಲ ಇಸಿದುಕೊಂಡೆ. ಅವರು ನನ್ನ ತಲೆ ಸವರಿದರು. ಆಮೇಲೆ ಸೀದಾ ರೆಫರಿಯ ಹತ್ತಿರ ಹೋಗಿ, “ಸುಕೇಶ ಈ ಊರಿನವನಲ್ಲ. ನನ್ನ ತಕರಾರು ಉಂಟು” ಎಂದರು.

ಶಿವಮೊಗ್ಗದಿಂದ ಬಂದಿದ್ದ ರೆಫರಿ ಹಿರಿಯರು, ಲೀಗಿನವರು ಒಪ್ಪಿಕೊಂಡಿದ್ದ ಮಧ್ಯಸ್ಥರೂ ಅವರೇ. ಪಂದ್ಯ ಮೊದಲು ಆಗಲಿ, ಅದರ ಫಲಿತಾಂಶಕ್ಕೆ ತೊಂದರೆಯಿಲ್ಲ, ತಕರಾರನ್ನು ಆಮೇಲೆ ಕೂತು ತೀರ್ಮಾನಿಸೋಣ ಎಂದರು. ಮುಂದಿನ ವರ್ಷ ನಾನು ಆಡಬೇಕೋ ಬೇಡವೋ ಎಂಬುದು ಆ ಸಂಜೆಗೆ ಬಿತ್ತು.

ನನಗೆ ಸಿಟ್ಟು ತಡೆಯಲಾಗಲಿಲ್ಲ. ಮಾಸ್ಟ್ರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ ಕೇಳಿದೆ, ಯಾಕೆ ಹೀಗೆ ಮಾಡಿದಿರಿ ಎಂದು.

“ನಿನ್ನನ್ನು ಕರ್ಕೊಂಡು ಹೋಗ್ಲಿಕ್ಕೆ ಮಾರಾಯ” ಎಂದರು ತಣ್ಣಗೆ. “ಶಾಲೆಯಲ್ಲಿ ನನ್ನ ನಂತರ ಮಕ್ಕಳಿಗೆ ಕಲಿಸುವವರು ಯಾರೂ ಇಲ್ಲ. ನಿನ್ನ ಹೆಸರು ಹೇಳಿ ಇಟ್ಟಿದ್ದೇನೆ. ಅಮ್ಮನಿಗೂ ಹತ್ತಿರ. ಇನ್ನು ಎಷ್ಟು ಸಮಯ ಹೀಗೆ ಊರೂರು ತಿರುಗ್ತಿ? ಮೊಣಕಾಲು ನೋಡು, ಬಾಳೆದಂಡಿನ ಹಾಗೆ ಊದಿದೆ.”

“ನಾನು ಇನ್ನೂ ಆಡಬೇಕು ಮಾಸ್ಟ್ರೇ.”

“ಅಲ್ಲಿ ಬಂದು ಆಡು. ಮಕ್ಕಳ ಜೊತೆ.”

ಅದರಲ್ಲಿ ಕೇಡೇನೂ ಇರಲಿಲ್ಲ. ಅದೇ ನನ್ನನ್ನು ಇನ್ನಷ್ಟು ಕಂಗೆಡಿಸಿತು. ಮಲ್ಪೆಗೆ ಹೋದರೆ ನಾನು ಒಂದು ಕಾಲದಲ್ಲಿ ಆಡುತ್ತಿದ್ದವನು. ಇಲ್ಲಿ ನಾನು ಆಟಗಾರ. ಊರು ಬೇಕಾದರೆ ಆಟ ಬಿಡಬೇಕು, ಆಟ ಬೇಕಾದರೆ ಊರು ಬಿಡಬೇಕು ಎಂದು ಯಾರೋ ನನ್ನೆದುರು ಎರಡು ಎಲೆ ಹಾಸಿ ಒಂದಕ್ಕೆ ಕೂರು ಎಂದಂತಾಯಿತು. ನನಗೆ ಆಟವೇ ಬೇಕಿತ್ತು. ಇದನ್ನು ಬರೆಯುವಾಗಲೂ ಅದೇ ಬೇಕು ಎಂದು ಬರೆಯುತ್ತೇನೆ.

ಅಂದು ಕಣದ ಅರ್ಧ ಭಾಗದಲ್ಲಿ ಭತ್ತವಿತ್ತು. ಫೈನಲ್ ಇದೆಯೆಂದು ಮಹೇಶಪ್ಪ ಅಂದು ಭತ್ತ ಹರಡುವುದೇ ಬೇಡವೆಂದಿದ್ದರು, ಆದರೆ ಹಿಂದಿನ ದಿನವೇ ಬೆಂದ ಭತ್ತ, ಇಡುವ ಹಾಗಿರಲಿಲ್ಲ. ಇತ್ತ ನಮ್ಮ ಅಂಕಣ, ಗೆರೆಯಾಚೆ ಭತ್ತದ ಹಾಸು. ಮೂಟೆಗಳ ಮೇಲೆ ಜನ ಕಿಕ್ಕಿರಿದಿದ್ದರು. ಶಾಂತಮ್ಮ ಕೊಡೆ ಹಿಡಿದು, ಮಗಳ ಜೊತೆ ಆಟೋದಲ್ಲಿ ಬಂದಿದ್ದರು; ಪಂದ್ಯಕ್ಕೂ, ನಾನು ಅವರ ಮನೆಯಲ್ಲಿದ್ದೇನೆಂದು ಆಮೇಲೆ ಸಾಕ್ಷಿ ಹೇಳುವುದಕ್ಕೂ.

ಆಟ ಒಮ್ಮೆ ಅವರ ಕಡೆ, ಒಮ್ಮೆ ನಮ್ಮ ಕಡೆ ವಾಲುತ್ತ ಹೋಯಿತು. ಎದುರಿನ ಹುಡುಗರು ತುಳುವಿನಲ್ಲಿ ಗುಟ್ಟಾಗಿ ಮಾತಾಡಿಕೊಳ್ಳುತ್ತಿದ್ದರು. ನನಗೆ ಎಲ್ಲ ಅರ್ಥವಾಗುತ್ತಿತ್ತು, ಇಮ್ರಾನನಿಗೆ ಹೇಳಿಬಿಡುತ್ತಿದ್ದೆ. “ಯಾನ್ ಮುಲ್ಪ ಉಲ್ಲೆ” ಎಂದ ಒಬ್ಬ. ನಾನಿಲ್ಲಿದ್ದೇನೆ, ಚೆಂಡು ಕೊಡು ಎಂದರ್ಥ. ನಾನು ಮೊದಲೇ ಹೋಗಿ ಅಲ್ಲಿ ನಿಂತೆ. ಅವನು ನನ್ನನ್ನು ನೋಡಿದ ನೋಟ ಇನ್ನೂ ಚುಚ್ಚುತ್ತದೆ. ಕೊನೆಯ ನಿಮಿಷಕ್ಕೆ ಬಂದಾಗ ನಾವು ಒಂದು ಅಂಕ ಮುಂದಿದ್ದೆವು. ಚೆಂಡು ಅವರ ಕೈಯಲ್ಲಿ. ಅವರ ಅತ್ಯುತ್ತಮ ಆಟಗಾರನನ್ನು ತಡೆಯುವ ಕೆಲಸ ನನ್ನದು. ಅವನ ಸೊಂಟದ ಮೇಲೆ ಕಣ್ಣು ನೆಟ್ಟು, ಕೈ ಅಗಲಿಸಿ ನಿಂತಿದ್ದೆ. ಇಷ್ಟೇ ಉಳಿದಿದೆ, ಇವನನ್ನು ಹಿಡಿದು ನಿಲ್ಲಿಸಿದರೆ ಗೆದ್ದೆವು.

ಆಗ ನನ್ನ ಮುಂಗೈ ಮೇಲೆ ಒಂದು ಹನಿ ಬಿತ್ತು. ರೂಪಾಯಿಯಗಲದ ಹನಿ. ಮೋಡ ಯಾವಾಗ ಕವಿಯಿತೋ ಆಟದ ಭರದಲ್ಲಿ ಯಾರೂ ನೋಡಿರಲಿಲ್ಲ.

“ಭತ್ತಾ…!”

ಯಾರು ಕೂಗಿದರೋ ತಿಳಿಯದು. ಮುಂದೆ ನನಗೆ ತಿಳಿದದ್ದು, ನನ್ನ ಕೈಯಲ್ಲಿ ಭತ್ತ ಎಳೆಯುವ ಮರದ ಹಲಗೆ ಇತ್ತು, ಪಕ್ಕದಲ್ಲಿ ಇಮ್ರಾನ್ ಇದ್ದ, ನಾವಿಬ್ಬರೂ ಬಗ್ಗಿ ಭತ್ತವನ್ನು ಗುಡ್ಡೆ ಮಾಡುತ್ತಿದ್ದೆವು. ಮೂಟೆಗಳ ಮೇಲಿದ್ದವರು ದುಡುದುಡು ಇಳಿದು ಓಡಿ ಬಂದರು. ಸ್ಕೋರು ಬರೆಯುವವನು ಪೆನ್ನು ಕಿವಿಗೆ ಸಿಕ್ಕಿಸಿ ತಾಡಪಾಲು ಎಳೆದ. ಮಹೇಶಪ್ಪನವರು ಪಂಚೆ ಎತ್ತಿ ಕಟ್ಟಿ ಕೂಗುತ್ತಿದ್ದರು. ಶಾಂತಮ್ಮ ಕೊಡೆ ಎಸೆದು ಸೆರಗು ಬಿಗಿದು, ನಿವೃತ್ತ ಶಿಕ್ಷಕಿ, ಬರಿಗೈಯಲ್ಲೇ ಭತ್ತ ಬಾಚುತ್ತಿದ್ದರು.

ಹಿಂದಿನಿಂದ ಸೀಟಿ ಕೇಳಿಸಿತು. ತಿರುಗಿ ನೋಡಿದೆ. ಅಂಕಣದಲ್ಲಿ ಕರಾವಳಿಯ ಐವರು, ನಮ್ಮ ಪಂಜಾಬಿನವನು, ಕೇರಳದವನು ನಿಂತಿದ್ದರು. ಊರಿನ ಮೂವರು ಇರಲಿಲ್ಲ. ನಾನು ತಡೆಯಬೇಕಿದ್ದ ಹುಡುಗ ಚೆಂಡನ್ನು ನೆಲಕ್ಕೆ ಬಡಿಯುತ್ತ, ಇದೇನು ತಮಾಷೆಯೋ ಎಂದು ಅನುಮಾನಿಸುತ್ತ, ಹೋಗಿ ರಿಂಗಿಗೆ ಹಾಕಿದ್ದ. ರೆಫರಿ ಆಟ ನಿಲ್ಲಿಸಿರಲೇ ಇಲ್ಲ. ಬುಟ್ಟಿ ಲೆಕ್ಕಕ್ಕೆ ಬಂತು, ಹೊತ್ತು ಮುಗಿಯಿತು. ಒಂದು ಅಂಕದಿಂದ ನಾವು ಸೋತೆವು.

ಭತ್ತ ಉಳಿಯಿತು. ತಾಡಪಾಲಿನ ಅಂಚಿಗೆ ಕಲ್ಲು ಹೇರಿ ಎದ್ದಾಗ ಮಳೆ ಧಾರಾಕಾರ. ಮಹೇಶಪ್ಪ ನನ್ನ ಬೆನ್ನಿಗೊಂದು ಗುದ್ದು ಕೊಟ್ಟು, “ಏ ಹೋಗ್ಲಿ ಬಿಡಪ, ಕಪ್ಪು ಮುಂದಿನ್ ವರ್ಷ ಸಿಗ್ತೈತೆ, ಇದ್ ನೆಂದಿದ್ರೆ ಸಿಗ್ತಿತ್ತಾ?” ಎಂದರು. ಅವರು ನಗುತ್ತಿದ್ದರು. ನಾನು ಮುಖ ತಿರುಗಿಸಿ ಇನ್ನೊಂದು ಕಲ್ಲು ಹೇರಿದೆ. ನನ್ನ ಜೀವನದಲ್ಲಿ ಒಂದೇ ಒಂದು ಕಪ್ಪು ಗೆಲ್ಲುವ ಅವಕಾಶವಿತ್ತು, ಅದನ್ನು ಹಲಗೆ ಹಿಡಿದು ಕಳೆದುಕೊಂಡಿದ್ದೆ. ಯಾಕೆ ಓಡಿದೆನೆಂದು ನನಗೇ ಗೊತ್ತಿರಲಿಲ್ಲ.

ಎಲ್ಲರೂ ಒದ್ದೆ ಮೈಯಲ್ಲೇ ಮಿಲ್ಲಿನ ಆಫೀಸಿನಲ್ಲಿ ಕೂತೆವು. ಮಂಡಕ್ಕಿ ಬಂತು. ರೆಫರಿ ಗಂಟಲು ಸರಿಮಾಡಿಕೊಂಡು ತಕರಾರಿನ ಮಾತೆತ್ತಿದರು. ಶಾಂತಮ್ಮನವರ ಕಡೆ ತಿರುಗಿ, “ಇವ್ರು ನಿಮ್ ಮನ್ಯಾಗೆ ಎಷ್ಟ್ ವರ್ಷದಿಂದ…” ಎನ್ನುವಷ್ಟರಲ್ಲಿ ವಿಠಲ ಮಾಸ್ಟ್ರು ಕೈಯೆತ್ತಿದರು.

“ಅಮ್ಮನವರನ್ನು ಕೇಳುವುದು ಬೇಡ” ಎಂದರು. ತಟ್ಟೆಯ ಮಂಡಕ್ಕಿಯನ್ನೇ ನೋಡುತ್ತ ಹೇಳಿದರು: “ನಾನು ಇವನಿಗೆ ಏಳನೇ ಕ್ಲಾಸಿನಿಂದ ಕಲಿಸಿದವ. ಆಟದ ಮಧ್ಯೆ ಮೈದಾನಕ್ಕೆ ಬೆಂಕಿ ಬಿದ್ರೂ ಚೆಂಡಿನಿಂದ ಕಣ್ಣು ತೆಗೀಬಾರದು ಅಂತ ಕಲಿಸಿದ್ದೆ. ನಮ್ಮ ಹುಡುಗ ಆಗಿದ್ರೆ ಓಡ್ತಿರ್ಲಿಲ್ಲ. ಇವ ನಿಮ್ಮವನೇ. ತಕರಾರು ಇಲ್ಲ, ಇಟ್ಕೊಳ್ಳಿ.”

ಆಫೀಸಿನಲ್ಲಿ ಚಪ್ಪಾಳೆ ಬಿತ್ತು. ಇಮ್ರಾನ್ ನನ್ನನ್ನು ಎತ್ತಲು ನೋಡಿ ಆಗದೆ ಬಿಟ್ಟ. ನನಗೆ ಬೇಕಾಗಿದ್ದದ್ದು ಸಿಕ್ಕಿತ್ತು: ಇನ್ನೊಂದು ವರ್ಷ, ಮೊಣಕಾಲು ಒಪ್ಪಿದರೆ ಮತ್ತೊಂದು. ಆದರೂ ಮಾಸ್ಟ್ರ ‘ನಿಮ್ಮವನೇ’ ಎಂಬ ಮಾತು ಕೇಳಿದಾಗ, ಜಾತ್ರೆಯಲ್ಲಿ ಕೈ ಬಿಟ್ಟುಹೋದ ಮಗುವಿನ ಹಾಗೆ ಅವರ ಮುಖ ಹುಡುಕಿದೆ. ಅವರು ಮಂಡಕ್ಕಿಯಿಂದ ಶೇಂಗಾ ಆರಿಸಿ ತಿನ್ನುತ್ತಿದ್ದರು.

ಹೊರಡುವಾಗ ಮಾತ್ರ ಹಳೆಯ ದನಿಯಲ್ಲೇ ಕರೆದರು: “ಬಸ್ಸಿನಲ್ಲಿ ಸೀಟುಂಟು. ಹೇಗೂ ಋತು ಮುಗಿಯಿತಲ್ಲ, ಬಾ. ನಾಲ್ಕು ದಿನ ಇದ್ದು ಬಾ.”

ಗೆದ್ದವರ ಬಸ್ಸಿನಲ್ಲಿ ಸೋತವನು ಊರಿಗೆ ಹೋದೆ. ಹುಡುಗರು ದಾರಿಯುದ್ದಕ್ಕೂ ಕುಣಿದರು, ನನ್ನನ್ನೂ ಎಳೆದರು. ಕುಣಿಯಲೂ ಆಗದೆ, ಕೂರಲೂ ಆಗದೆ, ಸೀಟಿನ ಕಂಬಿ ಹಿಡಿದು ನಿಂತಿದ್ದೆ. ಬೆಳಗಾಗುವಾಗ ಕಿಟಕಿಯಿಂದ ಉಪ್ಪಿನ ಗಾಳಿ ಬಂತು. ಎದೆ ಹಗುರವಾಯಿತು. ಅದೇ ಹೊತ್ತಿಗೆ, ಬಾತಿಯಲ್ಲಿ ತಾಡಪಾಲು ತೆಗೆದಿರಬಹುದೇ, ಬಿಸಿಲು ಬಂದಿದೆಯೇ ಎಂದು ಯೋಚನೆಯೂ ಬಂತು.

ಅಕ್ಕನ ಮನೆಯ ಗೇಟಿನ ಹತ್ತಿರ ಇಳಿದೆ. ಜಗಲಿಯಲ್ಲಿ ಅಮ್ಮ ಮೀನು ಕೊಯ್ಯುತ್ತಿದ್ದಳು. ಕಣ್ಣರಳಿಸಿ “ಬತ್ತನಾ ಮಗಾ?” ಎಂದಳು, ಬಂದೆಯಾ ಮಗನೇ ಎಂದು. ಕೈ ತೊಳೆದು ಅವಸರದಿಂದ ಒಳಗೆ ಹೋದಳು. ನಾನು ಶೂ ಬಿಚ್ಚಿ ಜಗಲಿಯಲ್ಲಿ ಕೂತೆ. ಅವಳು ಹೊರಗೆ ಬಂದಾಗ ಕೈಯಲ್ಲಿ ಸಣ್ಣ ತಟ್ಟೆ ಇತ್ತು. ತಟ್ಟೆಯಲ್ಲಿ ಒಂದು ತುಂಡು ಬೆಲ್ಲ, ಒಂದು ಲೋಟ ನೀರು.

ನಮ್ಮ ಕಡೆ ಮನೆಗೆ ಬಂದ ನೆಂಟರಿಗೆ ಮೊದಲು ಬೆಲ್ಲ, ನೀರು ಕೊಡುತ್ತಾರೆ. ನಿಮಗೆ ಗೊತ್ತೇ ಇದೆ. ಮನೆಯವರಿಗೆ ಯಾರೂ ಕೊಡುವುದಿಲ್ಲ. ಬಾಯಾರಿದರೆ ಅವರೇ ಒಳಗೆ ಹೋಗಿ ಕೊಡಪಾನದಿಂದ ಬಗ್ಗಿಸಿಕೊಂಡು ಕುಡಿಯುತ್ತಾರೆ.

ತಟ್ಟೆ ನನ್ನ ಮುಂದೆ ಚಾಚಿದ ಮೇಲೆ ಅಮ್ಮನಿಗೂ ಗೊತ್ತಾಯಿತು. “ಅಯ್ಯೋ, ನಿನಗೆ ಯಾಕೆ ತಂದೆ ನಾನು ಇದನ್ನು” ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು. ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ನೋಡಿದಳು. ಅವಳು ಬೇಕೆಂದು ತಂದದ್ದಲ್ಲ, ನನಗೆ ಗೊತ್ತು. ನಾನೂ ಬೇಕೆಂದು ಓಡಿರಲಿಲ್ಲ.

“ಇರಲಿ, ಕೊಡಮ್ಮ” ಎಂದು ತಟ್ಟೆಯ ಅಂಚು ಹಿಡಿದೆ. ಬೆಲ್ಲ ಕಚ್ಚಿ, ನೀರು ಕುಡಿದೆ. ಅವಳು ಲೋಟ ಖಾಲಿಯಾಗುವವರೆಗೆ ಎದುರಿಗೇ ನಿಂತು, ಆಮೇಲೆ ಮೆಲ್ಲಗೆ ಕೇಳಿದಳು, “ಎಷ್ಟು ದಿನ ಇರ್ತಿ?”